ಸೆಕೆಯ ಬೆನ್ನಿಗೇ ಹಿಮ

ಅಮೆರಿಕದ ಹೈ ಪ್ಲೇನ್ಸ್ ಎಂಬ ಎತ್ತರದ ಬಯಲು ಕಾನ್ಸಾಸ್‌ನಿಂದ ಪಶ್ಚಿಮಕ್ಕೆ ಗೊತ್ತೇ ಆಗದಂತೆ ಏರುತ್ತ ರಾಕಿ ಪರ್ವತಗಳ ಬುಡ ಮುಟ್ಟುತ್ತದೆ. ಅಲ್ಲಿನ ಡೆನ್ವರ್ ಸುಮಾರು 1,600 ಮೀಟರ್ ಎತ್ತರದಲ್ಲಿರುವ ಊರು. ಬೇಸಿಗೆಯ ಕೊನೆಯಲ್ಲಿ ಈ ಸೀಮೆಯ ಆಕಾಶ ನೋಡಬೇಕು. ಬೆಳಗ್ಗೆ ಶುಭ್ರ ನೀಲಿ. ಮಧ್ಯಾಹ್ನದ ಹೊತ್ತಿಗೆ ಬೆಟ್ಟದ ಮೇಲೆ ಕಾದ ಗಾಳಿ ಮೇಲೆದ್ದು ಮೋಡ ಕಟ್ಟುತ್ತದೆ. ಸಂಜೆ ಅದೇ ಮೋಡ ಗುಡುಗುತ್ತ ಬಯಲಿಗೆ ಇಳಿಯುತ್ತದೆ. ಎಷ್ಟೋ ಸಲ ಮಳೆಯ ಎಳೆಗಳು ಕಣ್ಣಿಗೆ ಕಾಣುತ್ತವೆ, ನೆಲಕ್ಕೆ ಮಾತ್ರ ಹನಿ ಬೀಳದು. ಒಣಗಾಳಿ ನಡುದಾರಿಯಲ್ಲೇ ಅದನ್ನು ಕುಡಿದುಬಿಡುತ್ತದೆ. ರೈತನಿಗೆ ಸಿಟ್ಟು ಬಂದೀತು. ನನಗಂತೂ ಇದಕ್ಕಿಂತ ಚೆಂದದ ಮೋಸ ಗೊತ್ತಿಲ್ಲ.

ಈ ಬಯಲಿನ ಕೈಚಳಕ ಪೂರ್ತಿ ಕಂಡದ್ದು 2020ರ ಸೆಪ್ಟೆಂಬರ್‌ನಲ್ಲಿ. 5ರಂದು ಡೆನ್ವರ್‌ನಲ್ಲಿ ಉಷ್ಣಾಂಶ 38 ಡಿಗ್ರಿ ಸೆಲ್ಸಿಯಸ್ ದಾಟಿತು, ಆ ತಿಂಗಳ ಮಟ್ಟಿಗೆ ಅದು ದಾಖಲೆ. ಕಾಡ್ಗಿಚ್ಚಿನ ಹೊಗೆ ಬೇರೆ. 7ರಂದೂ 33 ಡಿಗ್ರಿ ಮೀರಿದ ಬಿಸಿಲು. ಅಷ್ಟರಲ್ಲಿ ಉತ್ತರದಿಂದ ಶೀತಗಾಳಿ ನುಗ್ಗಿತು. ಕೆನಡಾ ಕಡೆಯಿಂದ ಬರುವ ಗಾಳಿಗೆ ಇಲ್ಲಿ ಅಡ್ಡಬೆಟ್ಟವೇ ಇಲ್ಲ. 8ರಂದು ಹಿಮ ಬಿತ್ತು! ಅಲ್ಲಿನ ಹಳಬರು ಇದಕ್ಕೂ ಬೆರಗಾಗಲಿಕ್ಕಿಲ್ಲ: 1961ರಲ್ಲಿ ಸೆಪ್ಟೆಂಬರ್ 3ಕ್ಕೇ ಬಿದ್ದಿತ್ತು.