ತಂಬೂರಿ ಎಲ್ಲಿ ಅಲುಗದೆ ನಿಲ್ಲುತ್ತದೆ?

ಮನೆಯಲ್ಲಿ ಒಳ್ಳೆಯ ಆಂಪ್ಲಿಫೈಯರ್, ಒಂದು ಜೊತೆ ಒಳ್ಳೆಯ ಸ್ಪೀಕರ್ ಇಟ್ಟುಕೊಂಡವರು ಸೇರಿದಲ್ಲೆಲ್ಲ ಒಂದೇ ವಾದ ನಡೆಯುತ್ತದೆ. ಎಲ್‌ಪಿ ಮೇಲೋ, ಸಿಡಿ ಮೇಲೋ, ತಿಂಗಳ ಚಂದಾ ಕಟ್ಟಿ ಫೋನಿನಲ್ಲಿ ಕೇಳುವುದೇ ಸಾಕೋ? ವಾದ ಬಗೆಹರಿಯದಿರಲು ಮುಖ್ಯ ಕಾರಣ, ಅದಕ್ಕೆ ಒರೆಗಲ್ಲು ಇಲ್ಲದಿರುವುದು. ಒಬ್ಬರು ನಾದ ಬೆಚ್ಚಗಿದೆ ಎನ್ನುತ್ತಾರೆ, ಇನ್ನೊಬ್ಬರು ಒಣಕಲಾಗಿದೆ ಎನ್ನುತ್ತಾರೆ, ಎರಡನ್ನೂ ಸಾಬೀತು ಮಾಡಲು ಬರುವುದಿಲ್ಲ. ಆದರೆ ಹಿಂದೂಸ್ತಾನಿ, ಕರ್ನಾಟಕ ಸಂಗೀತ ಕೇಳುವವರಿಗೆ ಒರೆಗಲ್ಲು ಹುಡುಕಿಕೊಂಡು ಹೋಗುವ ಅಗತ್ಯವೇ ಇಲ್ಲ. ಅದು ಕಛೇರಿಯ ಮೊದಲಿನಿಂದ ಕೊನೆಯವರೆಗೂ ಗಾಯಕರ ಹಿಂದೆ ಕುಳಿತು ನುಡಿಯುತ್ತಲೇ ಇರುತ್ತದೆ.

ತಂಬೂರಿಯ ಕುದುರೆಯ ಮೇಲೆ, ತಂತಿಯ ಅಡಿಗೆ, ಒಂದು ನೂಲಿನ ಎಳೆ ಸಿಕ್ಕಿಸಿರುತ್ತಾರೆ. ಅದನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸಿದಾಗ ಒಂದು ಜಾಗದಲ್ಲಿ ತಂತಿ ಇದ್ದಕ್ಕಿದ್ದಂತೆ ಅರಳುತ್ತದೆ. ಮೀಟಿದ ಸ್ವರದ ಮೇಲೆ ಅದರ ಉಪಸ್ವರಗಳು ಒಂದಾದ ಮೇಲೊಂದು ಎದ್ದು ಹೊಳೆಯುತ್ತವೆ. ಮಂದ್ರ ಷಡ್ಜದ ತಂತಿಯಿಂದ ಯಾರೂ ಮೀಟದ ಗಾಂಧಾರ ತಾನಾಗಿ ಕೇಳಿಬರುತ್ತದೆ. ಜವಾರಿ ಎಂದು ಕರೆಯುವ ಈ ಗುಣವನ್ನು ಮನೆಯ ಉಪಕರಣ ಉಳಿಸಿಕೊಡುತ್ತದೋ ಇಲ್ಲವೋ ಎಂದು ನೋಡುವುದು ಸುಲಭ. ತಂಬೂರಿ ಒಂದೇ ಶ್ರುತಿಯಲ್ಲಿ ನಿಂತಿರುವುದರಿಂದ ವೇಗ ಸ್ವಲ್ಪ ಓಲಾಡಿದರೂ ಗೊತ್ತಾಗುತ್ತದೆ. ಅದರ ಮೇಲಿನ ಉಪಸ್ವರಗಳು ಬಹಳ ಮೆಲ್ಲಗಿರುವುದರಿಂದ, ಗದ್ದಲದಲ್ಲಿ ಯಾವುದಾದರೂ ಮುಳುಗುವುದಿದ್ದರೆ ಮೊದಲು ಅವೇ ಮುಳುಗುತ್ತವೆ. ನಾನು ಯಾವ ಮೂಲವನ್ನು ಕೇಳಿದರೂ ಮೊದಲ ನಿಮಿಷ ಗಾಯಕರನ್ನು ಬಿಟ್ಟು ತಂಬೂರಿಯನ್ನೇ ಕೇಳುತ್ತೇನೆ.

ಹೋಲಿಕೆಗೆ ಮೊದಲು ಒಂದು ಶಿಸ್ತು ಬೇಕು. ಎರಡು ಮೂಲಗಳ ಧ್ವನಿಮಟ್ಟ ಸಮನಾಗಿರಬೇಕು. ಒಂದು ಡೆಸಿಬೆಲ್‌ಗಿಂತ ಕಡಿಮೆ ವ್ಯತ್ಯಾಸವಿದ್ದರೆ ಕಿವಿಗೆ ಅದು ಜೋರು ಎಂದು ತಿಳಿಯುವುದೇ ಇಲ್ಲ, ಹೆಚ್ಚು ಸ್ಪಷ್ಟ, ಹೆಚ್ಚು ತುಂಬು ಎಂದು ತಿಳಿಯುತ್ತದೆ. ಸಿಡಿ ಪ್ಲೇಯರ್ ಸಾಮಾನ್ಯವಾಗಿ 2 ವೋಲ್ಟ್‌ನಷ್ಟು ಸಿಗ್ನಲ್ ಕೊಡುತ್ತದೆ. ಟರ್ನ್‌ಟೇಬಲ್ಲಿನ ಮುಳ್ಳಿನಿಂದ ಬರುವುದು ಕೆಲವೇ ಮಿಲಿವೋಲ್ಟ್, ಅದನ್ನು ಫೋನೊ ಪ್ರೀಆಂಪ್ ಎತ್ತಿಕೊಡಬೇಕು. ಎಷ್ಟು ಎತ್ತುತ್ತದೆ ಎಂಬುದು ಒಂದೊಂದು ಪೆಟ್ಟಿಗೆಯಲ್ಲಿ ಒಂದೊಂದು ತರಹ. ಇದನ್ನು ಸರಿಹೊಂದಿಸದೆ ಗುಂಡಿ ತಿರುಗಿಸಿ ಕೊಡುವ ತೀರ್ಪಿಗೆ ಬೆಲೆಯಿಲ್ಲ. ಅಂಗಡಿಯ ಡೆಮೊ ಕೋಣೆಗಳಲ್ಲಿ ನಡೆಯುವ ಹೋಲಿಕೆಗಳಲ್ಲಿ ಹೆಚ್ಚಿನವು ಈ ಒಂದೇ ಕಾರಣಕ್ಕೆ ಬಿದ್ದುಹೋಗುತ್ತವೆ. ಎರಡನೆಯದಾಗಿ, ಈಗ ಯಾವುದು ನುಡಿಯುತ್ತಿದೆ ಎಂದು ಕೇಳುವವರಿಗೆ ಗೊತ್ತಿರಬಾರದು. ಮನೆಯವರೊಬ್ಬರು ಗುಂಡಿ ತಿರುಗಿಸಿದರೆ ಅಷ್ಟು ಸಾಕು.

ಈಗ ಎಲ್‌ಪಿಗೆ ಬರೋಣ. 1948ರಲ್ಲಿ ಅಮೆರಿಕದ ಕೊಲಂಬಿಯಾ ಕಂಪನಿ ತಂದ ಈ ತಟ್ಟೆಯಿಂದ ನಮ್ಮ ಸಂಗೀತಕ್ಕೆ ದೊಡ್ಡ ಉಪಕಾರವಾಯಿತು. 78 ಸುತ್ತಿನ ಹಳೆಯ ಪ್ಲೇಟಿನಲ್ಲಿ ಮೂರು ಚಿಲ್ಲರೆ ನಿಮಿಷಗಳಲ್ಲಿ ರಾಗ ಮುಗಿಸಬೇಕಾಗಿತ್ತು. ಎಲ್‌ಪಿಯ ಒಂದು ಮಗ್ಗುಲಲ್ಲಿ ಇಪ್ಪತ್ತು ನಿಮಿಷ ಸಿಕ್ಕಿತು, ವಿಲಂಬಿತಕ್ಕೆ ಕಾಲೂರಲು ಜಾಗವಾಯಿತು. ಮಲ್ಲಿಕಾರ್ಜುನ ಮನ್ಸೂರ, ಭೀಮಸೇನ ಜೋಶಿ, ಗಂಗೂಬಾಯಿ ಹಾನಗಲ್ ಅವರ ಎಲ್‌ಪಿಗಳನ್ನು ಇಂದಿಗೂ ಜೋಪಾನ ಮಾಡುವವರು ಧಾರವಾಡ, ಹುಬ್ಬಳ್ಳಿ, ಬೆಂಗಳೂರುಗಳಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಆ ಪ್ರೀತಿಯ ಮೇಲೆ ನನಗೆ ತಕರಾರಿಲ್ಲ. ತಕರಾರಿರುವುದು ನಾದದಲ್ಲಿ ಎಲ್‌ಪಿಯೇ ಶ್ರೇಷ್ಠ ಎಂಬ ಮಾತಿನ ಮೇಲೆ.

ಕಾರಣ ತಟ್ಟೆಯ ನಡುವಿನ ತೂತು. ಅದು ನಿಜವಾದ ಕೇಂದ್ರದಿಂದ ಅರ್ಧ ಮಿಲಿಮೀಟರ್ ಸರಿದಿದ್ದರೆ ತಟ್ಟೆಯ ಒಳಸುತ್ತಿನಲ್ಲಿ ಸ್ವರ ಸುಮಾರು 14 ಸೆಂಟ್ ಮೇಲಕ್ಕೂ ಅಷ್ಟೇ ಕೆಳಕ್ಕೂ ಹೋಗಿಬರುತ್ತದೆ. ಹನ್ನೆರಡು ಸ್ವರಸ್ಥಾನಗಳಲ್ಲಿ ಪಕ್ಕಪಕ್ಕದ ಎರಡರ ಅಂತರ 100 ಸೆಂಟ್, ನಮ್ಮ ಶಾಸ್ತ್ರಕಾರರ ಪ್ರಮಾಣ ಶ್ರುತಿ ಸುಮಾರು 22 ಸೆಂಟ್. ಹೀಗಿರುವಾಗ 28 ಸೆಂಟಿನ ಒಟ್ಟು ಓಲಾಟ ಎಂದರೆ ಒಂದು ಶ್ರುತಿಗಿಂತ ಹೆಚ್ಚು. ತಟ್ಟೆ ನಿಮಿಷಕ್ಕೆ 33⅓ ಸುತ್ತು ತಿರುಗುವುದರಿಂದ 1.8 ಸೆಕೆಂಡಿಗೊಮ್ಮೆ ಈ ಓಲಾಟ ಮರಳಿ ಬರುತ್ತದೆ. ಮುಳ್ಳು ಹಿಡಿದ ತೋಳು ಎಡಕ್ಕೂ ಬಲಕ್ಕೂ ತೂಗುವುದನ್ನು ಕಣ್ಣಿನಿಂದಲೇ ನೋಡಬಹುದು, ಅದೇ ಲಯದಲ್ಲಿ ತಂಬೂರಿಯ ಷಡ್ಜ ತೂಗುವುದನ್ನು ಕಿವಿಯಿಂದ ಕೇಳಬಹುದು. ಡ್ರಮ್ಮು, ಗಿಟಾರು ತುಂಬಿದ ರಾಕ್ ಸಂಗೀತದಲ್ಲಿ ಇದು ಮುಚ್ಚಿಹೋದೀತು. ತೋಡಿಯ ಗಾಂಧಾರವನ್ನು ಒಬ್ಬ ಗಾಯಕ ಎಲ್ಲಿ ನಿಲ್ಲಿಸಿದ್ದಾನೆ ಎಂಬುದೇ ಸಂಗೀತದ ಪ್ರಾಣವಾಗಿರುವಾಗ ಅದು ಸಣ್ಣ ದೋಷವಲ್ಲ.

ಇನ್ನೊಂದು ತೊಂದರೆ ಎಲ್‌ಪಿಯ ರಚನೆಯಲ್ಲೇ ಇದೆ. ಹೊರಸುತ್ತಿನಲ್ಲಿ ಮುಳ್ಳಿನ ಅಡಿಯಲ್ಲಿ ಸೆಕೆಂಡಿಗೆ ಸುಮಾರು 50 ಸೆಂಟಿಮೀಟರ್ ಗೀರು ಹಾದುಹೋಗುತ್ತದೆ, ಲೇಬಲ್ಲಿನ ಹತ್ತಿರ ಬಂದಾಗ ಅದು 21ಕ್ಕೆ ಇಳಿಯುತ್ತದೆ. ಅಂದರೆ ಅದೇ ಸಂಗೀತವನ್ನು ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ಒತ್ತಿ ತುಂಬಿರುತ್ತಾರೆ. ತಾರ ಸ್ವರಗಳು ಅಲ್ಲಿ ಸೀಳಿದಂತೆ, ಒರಟಾಗಿ ಕೇಳುತ್ತವೆ. ಖ್ಯಾಲಿನ ಏರ್ಪಾಡನ್ನು ನೆನೆಸಿಕೊಳ್ಳಿ. ಆಲಾಪದ ಮೆಲ್ಲಗಿನ ಆರಂಭ ವಿಶಾಲವಾದ ಹೊರಸುತ್ತಿನಲ್ಲಿ, ದ್ರುತ್, ತಾರ ಷಡ್ಜ, ಬಿರುಸಿನ ತಾನುಗಳೆಲ್ಲ ಕೊನೆಯ ಇಕ್ಕಟ್ಟಿನಲ್ಲಿ. ನಮ್ಮ ಸಂಗೀತದ ಏರಿಕೆಗೂ ತಟ್ಟೆಯ ಸಾಮರ್ಥ್ಯದ ಇಳಿಕೆಗೂ ಹೀಗೆ ನೇರ ವಿರೋಧ.

ಹಾಗಾದರೆ ಎಲ್‌ಪಿ ಕೇಳಿ ಕಣ್ಣು ಒದ್ದೆ ಮಾಡಿಕೊಳ್ಳುವವರು ಭ್ರಮೆಯಲ್ಲಿದ್ದಾರೆಯೇ? ಇಲ್ಲ. ಎಷ್ಟೋ ಹಳೆಯ ಎಲ್‌ಪಿಗಳು ಅದೇ ಕಛೇರಿಯ ಈಗಿನ ಡಿಜಿಟಲ್ ಪ್ರತಿಗಿಂತ ನಿಜವಾಗಿಯೂ ಚೆನ್ನಾಗಿವೆ. ಆದರೆ ಅದರ ಶ್ರೇಯಸ್ಸು ಗೀರಿಗೆ ಸೇರಬೇಕಾದದ್ದಲ್ಲ, ಮೂಲ ಟೇಪು ಇನ್ನೂ ಹೊಸದಾಗಿದ್ದಾಗ ಕಿವಿಯಿದ್ದ ಎಂಜಿನಿಯರ್ ಒಬ್ಬರು ಮಾಡಿದ ಕೆಲಸಕ್ಕೆ ಸೇರಬೇಕಾದದ್ದು. ಇದಕ್ಕೆ ಅಮೆರಿಕದಿಂದಲೇ ದೊಡ್ಡ ಸಾಕ್ಷಿ ಸಿಕ್ಕಿದೆ. ಮೊಬೈಲ್ ಫಿಡೆಲಿಟಿ ಎಂಬ ಕಂಪನಿಯ ದುಬಾರಿ ಎಲ್‌ಪಿಗಳನ್ನು ಅಪ್ಪಟ ಅನಲಾಗ್ ಎಂದು ನಂಬಿ ಕೊಳ್ಳುತ್ತಿದ್ದವರಿಗೆ, ಅವುಗಳಲ್ಲಿ ಅನೇಕವು ವರ್ಷಗಳಿಂದ ಡಿಜಿಟಲ್ ಹಂತವೊಂದನ್ನು ದಾಟಿಯೇ ತಯಾರಾಗುತ್ತಿದ್ದವು ಎಂದು 2022ರಲ್ಲಿ ತಿಳಿದುಬಂತು. ಅಷ್ಟು ವರ್ಷ ಆ ತಟ್ಟೆಗಳ ಅನಲಾಗ್ ನಾದವನ್ನು ಹೊಗಳಿದವರ ಕಿವಿಗೆ ನಡುವಿನ ಡಿಜಿಟಲ್ ಹಂತ ತಾಗಿರಲಿಲ್ಲ. ಅವರ ಕಿವಿ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಒಳ್ಳೆಯ ಮಾಸ್ಟರಿಂಗ್ ಅನ್ನು ಅವರು ಸರಿಯಾಗಿಯೇ ಗುರುತಿಸಿದ್ದರು, ಕಾರಣವನ್ನು ಮಾತ್ರ ಬೇರೆ ಕಡೆ ಹುಡುಕಿದ್ದರು.

ಕ್ಯಾಸೆಟ್ಟಿನ ಬಗ್ಗೆ ನಾದದ ದೃಷ್ಟಿಯಿಂದ ಹೆಚ್ಚು ಹೇಳುವುದಕ್ಕಿಲ್ಲ. 1963ರಲ್ಲಿ ಫಿಲಿಪ್ಸ್ ಇದನ್ನು ತಂದಾಗ ಟೇಪಿನ ವೇಗ ಸೆಕೆಂಡಿಗೆ 4.76 ಸೆಂಟಿಮೀಟರ್, ಮಾತು ಮುದ್ರಿಸಿಕೊಳ್ಳಲು ಸಾಕಾಗುವಷ್ಟು. ಸುಯ್ಯೆನ್ನುವ ಸದ್ದು ತಂಬೂರಿಯ ಉಪಸ್ವರಗಳಿರುವ ಜಾಗದಲ್ಲೇ ಬಂದು ಕೂರುತ್ತದೆ. ಡಾಲ್ಬಿ ಬಿ ಎಂಬ ಸದ್ದಿಳಿಸುವ ವ್ಯವಸ್ಥೆ ಅದನ್ನು ಹತ್ತು ಡೆಸಿಬೆಲ್‌ನಷ್ಟು ತಗ್ಗಿಸಿದರೂ ನಮ್ಮ ಮನೆಗಳ ಟೂ-ಇನ್-ಒನ್‌ಗಳಲ್ಲಿ ಅದು ಇರುತ್ತಿದ್ದದ್ದು ಅಪರೂಪ. ಆದರೂ ಕನ್ನಡದ ಕಿವಿ ರೂಪುಗೊಂಡದ್ದು ಇದರಲ್ಲೇ. 1978ರಲ್ಲಿ ನಿಸಾರ್ ಅಹಮದರ ಕವಿತೆಗಳನ್ನು ಮೈಸೂರು ಅನಂತಸ್ವಾಮಿಯವರ ಸಂಗೀತದಲ್ಲಿ ಹೊತ್ತುತಂದ ‘ನಿತ್ಯೋತ್ಸವ’ದಿಂದ ಭಾವಗೀತೆ ಊರೂರಿಗೆ, ಅಡುಗೆಮನೆಗೆ ಹೋಗಿದ್ದು ಈ ಸಣ್ಣ ಪೆಟ್ಟಿಗೆಯಲ್ಲೇ. ಆ ಋಣ ಬೇರೆ, ನಾದದ ಲೆಕ್ಕ ಬೇರೆ.

1982ರಲ್ಲಿ ಸೋನಿ, ಫಿಲಿಪ್ಸ್ ಸೇರಿ ತಂದ ಸಿಡಿಯಲ್ಲಿ ತಂಬೂರಿ ಮೊದಲ ಸಲ ಅಲುಗದೆ ನಿಂತಿತು. ಓಲಾಟವಿಲ್ಲ, ಸುಯ್ಯೆನ್ನುವ ಸದ್ದಿಲ್ಲ, ದ್ರುತಿನ ಕೊನೆಯ ತಾನಿಗೂ ಮೊದಲ ಷಡ್ಜಕ್ಕೆ ಸಿಕ್ಕಷ್ಟೇ ಜಾಗ. ಸೆಕೆಂಡಿಗೆ 44,100 ಮಾದರಿಗಳು, ಒಂದೊಂದಕ್ಕೂ 16 ಬಿಟ್. ಇದರಿಂದ 20,000 ಹರ್ಟ್ಸ್‌ವರೆಗಿನ ಎಲ್ಲ ನಾದ, ಸುಮಾರು 96 ಡೆಸಿಬೆಲ್‌ನಷ್ಟು ಮೆಲುದನಿ-ಗಟ್ಟಿದನಿಗಳ ಹರವು ಹಿಡಿಯುತ್ತದೆ. ಒಳ್ಳೆಯ ಎಲ್‌ಪಿ ತಲುಪುವುದು ಅರವತ್ತು ಎಪ್ಪತ್ತು ಡೆಸಿಬೆಲ್. ನಮ್ಮ ಮನೆಗಳ ಬೀದಿಯ ಸದ್ದು, ತಲೆಯ ಮೇಲೆ ತಿರುಗುವ ಫ್ಯಾನು ಲೆಕ್ಕಕ್ಕೆ ತೆಗೆದುಕೊಂಡರೆ 96ನ್ನು ಪೂರ್ತಿ ಬಳಸುವ ಕೋಣೆಯೇ ಸಿಗಲಾರದು. ಫ್ಯಾನು ನಿಲ್ಲಿಸಿ ಕೇಳಿ ನೋಡಿ. ಸಾವಿರಾರು ರೂಪಾಯಿಯ ಕೇಬಲ್ಲು ಬದಲಿಸಿದರೂ ಸಿಗದ ಸುಧಾರಣೆ ಅದರಲ್ಲಿ ಸಿಗುತ್ತದೆ.

ಹಾಗಾದರೆ ಹೈ-ರೆಸ್ ಎಂದು ಮಾರುವ 24 ಬಿಟ್, 192 ಕಿಲೋಹರ್ಟ್ಸ್ ಫೈಲುಗಳು? 2007ರಲ್ಲಿ ಅಮೆರಿಕದ ಮೇಯರ್ ಮತ್ತು ಮೊರಾನ್ ಪ್ರಕಟಿಸಿದ ಪರೀಕ್ಷೆಯಲ್ಲಿ ಹೈ-ರೆಸ್ ಮುದ್ರಿಕೆಯನ್ನು ನೇರವಾಗಿಯೂ, ಸಿಡಿ ಗುಣಮಟ್ಟಕ್ಕೆ ಇಳಿಸಿಯೂ ಕೇಳಿಸಿದರು. 554 ಸಲ ಕೇಳಿಸಿದ್ದರಲ್ಲಿ 276 ಸಲ ಉತ್ತರ ಸರಿಯಾಗಿತ್ತು. ನಾಣ್ಯ ಚಿಮ್ಮಿದರೂ ಅಷ್ಟೇ ಬರುತ್ತಿತ್ತು. 2016ರಲ್ಲಿ ಲಂಡನ್ನಿನ ಜೋಶುವಾ ರೀಸ್ ಹದಿನೆಂಟು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಸರಿಯುತ್ತರ ಶೇಕಡಾ 52.3ಕ್ಕೆ ಬಂತು, ತರಬೇತಿ ಪಡೆದ ಕಿವಿಗಳಲ್ಲಿ ಅದಕ್ಕಿಂತ ಸಾಕಷ್ಟು ಹೆಚ್ಚು. ತರಬೇತಿಯಿಲ್ಲದ ಕಿವಿಗೆ ವ್ಯತ್ಯಾಸ ಇದ್ದರೂ ಅಷ್ಟು ತೆಳ್ಳಗಿದೆ. ಮುದ್ರಿಸಿಕೊಳ್ಳುವಾಗ 24 ಬಿಟ್ ಖಂಡಿತ ಉಪಯೋಗಕ್ಕೆ ಬರುತ್ತದೆ, ಧ್ವನಿಮಟ್ಟ ಹೆಚ್ಚುಕಡಿಮೆಯಾದರೂ ಸಂಭಾಳಿಸಬಹುದು. ಕೇಳುವವರು ಅದಕ್ಕಾಗಿ ಹೆಚ್ಚು ಹಣ ಕೊಡುವುದನ್ನು ನಾನು ಯಾರಿಗೂ ಶಿಫಾರಸು ಮಾಡಲಾರೆ.

ಸ್ಟ್ರೀಮಿಂಗ್ ವಿಷಯದಲ್ಲಿ ತಾಂತ್ರಿಕ ತಕರಾರು ಬಹುಮಟ್ಟಿಗೆ ಮುಗಿದಿದೆ. ಸಿಡಿಯ ಮಾಹಿತಿ ಸೆಕೆಂಡಿಗೆ 1,411 ಕಿಲೋಬಿಟ್. ಅದನ್ನು 128ಕ್ಕೆ ಹಿಂಡಿದ ಹಳೆಯ ಎಂಪಿ3ಗಳಲ್ಲಿ ತಂಬೂರಿ ನೀರಿನಡಿ ನುಡಿದಂತೆ ಕಲಕಿಹೋಗುತ್ತಿತ್ತು, ತಬಲಾದ ‘ನಾ’ ಬೀಳುವುದಕ್ಕೆ ಮುಂಚೆಯೇ ಅದರ ಸಿಡಿತದ ಮಸುಕು ಕೇಳಿಸುತ್ತಿತ್ತು. 320ರಲ್ಲಿ ಅದನ್ನು ಹಿಡಿಯುವುದು ಬಹಳ ಕಷ್ಟ. 2021ರಿಂದ ಆಪಲ್ ಮ್ಯೂಸಿಕ್ ಏನನ್ನೂ ಕಳೆಯದ ಲಾಸ್‌ಲೆಸ್ ಪ್ರತಿಯನ್ನು ಅದೇ ಚಂದಾಕ್ಕೆ ಕೊಡುತ್ತಿದೆ. ಕೊಳಾಯಿ ಈಗ ಶುದ್ಧವಾಗಿದೆ, ಕೆಟ್ಟಿರುವುದು ಅದರಲ್ಲಿ ಬಿಟ್ಟಿರುವ ನೀರು.

ನಮ್ಮ ಸಂಗೀತದ ಪಾಲಿಗೆ ನನಗೆ ಅತ್ಯಂತ ಸಂಕಟ ಕೊಡುವುದು ಇದೇ. ಹಳೆಯ ಕಛೇರಿಯೊಂದನ್ನು ಆ್ಯಪಿನಲ್ಲಿ ತೆರೆಯಿರಿ. ಗಾಯಕರ ಧ್ವನಿ ಬಂದಾಗ ತಂಬೂರಿ ಕೇಳುತ್ತದೆ, ಅವರು ಉಸಿರು ತೆಗೆದುಕೊಳ್ಳಲು ನಿಂತರೆ ತಂಬೂರಿಯೂ ಮಾಯ. ಸುಯ್ಯೆನ್ನುವ ಸದ್ದನ್ನು ತೆಗೆಯಲು ಯಾರೋ ಸಾಫ್ಟ್‌ವೇರ್ ಹಾಯಿಸಿದ್ದಾರೆ, ಮೆಲ್ಲಗೆ ಒಂದೇ ಸಮನೆ ನುಡಿಯುವುದೆಲ್ಲ ಅದಕ್ಕೆ ಸುಯ್ಯೆಂಬ ಸದ್ದೇ. ಜವಾರಿ ಅಲ್ಲಿಗೆ ಹೋಯಿತು. ಶ್ರುತಿಯ ಹಾಸಿಲ್ಲದೆ ಗಾಯಕರು ಒಂಟಿಯಾಗಿ, ಬೋಳುಬೋಳಾಗಿ ಹಾಡಿದಂತೆ ಕೇಳುತ್ತದೆ. ಇನ್ನು ಕೆಲವು ಪ್ರತಿಗಳಲ್ಲಿ ವೇಗವೇ ತಪ್ಪಿರುತ್ತದೆ. ಟೇಪು ನೂರಕ್ಕೆ ಆರರಷ್ಟು ವೇಗವಾಗಿ ಓಡಿದರೆ ಹಾರ್ಮೋನಿಯಂನ ಕಪ್ಪು ಒಂದರಲ್ಲಿ ಹಾಡಿದ್ದು ಬಿಳಿ ಎರಡಕ್ಕೆ ಏರುತ್ತದೆ, ಕಂಠದ ಬಣ್ಣವೇ ಬದಲಾಗಿ ತುಂಬು ಗಂಡುದನಿ ಕೀರಲಾಗುತ್ತದೆ, ನಿಧಾನದ ವಿಲಂಬಿತ ಅವಸರದ್ದಾಗುತ್ತದೆ. ಅದೇ ಪ್ರತಿಯನ್ನು ಕೇಳಿ ಬೆಳೆಯುವ ಹೊಸ ವಿದ್ಯಾರ್ಥಿ ಆ ಗಾಯಕರ ಲಯ ಅಷ್ಟೇ ಎಂದು ತಿಳಿಯುತ್ತಾನೆ. ಲಾಸ್‌ಲೆಸ್ ಎಂಬ ಮುದ್ರೆ ಬಿದ್ದ ಮಾತ್ರಕ್ಕೆ ಈ ನಷ್ಟಗಳು ತುಂಬಿಕೊಳ್ಳುವುದಿಲ್ಲ.

ಆದ್ದರಿಂದ ಮೂಲ ಆರಿಸಿಕೊಳ್ಳುವವರಿಗೆ ನನ್ನ ಮಾತು ಇಷ್ಟು. ಹಣವನ್ನು ಮೊದಲು ಸ್ಪೀಕರಿಗೆ, ಕೋಣೆಗೆ ಹಾಕಿ. ಪರದೆ, ಜಮಖಾನೆ, ಪುಸ್ತಕದ ಕಪಾಟು ಕೂಡ ನಾದವನ್ನು ತಿದ್ದುತ್ತವೆ. ಡಿಜಿಟಲ್ಲನ್ನು ನಾದವಾಗಿಸುವ ಡ್ಯಾಕ್ ಸಾಧಾರಣ ಬೆಲೆಯದ್ದಾದರೆ ಸಾಕು. ಆಮೇಲೆ ಒಂದೇ ಕಛೇರಿಯ ಬೇರೆ ಬೇರೆ ಪ್ರತಿಗಳನ್ನು ಹುಡುಕಿ. ತೊಂಬತ್ತರ ದಶಕದ ಸಿಡಿಗಳಲ್ಲಿ ಸಾಫ್ಟ್‌ವೇರಿನ ಕೈ ಇನ್ನೂ ಅಷ್ಟಾಗಿ ಆಡಿರಲಿಲ್ಲ, ಹಳೆಯ ಸಾಮಾನಿನ ಅಂಗಡಿಗಳಲ್ಲಿ ಅವು ಅಗ್ಗವಾಗಿ ಸಿಗುತ್ತವೆ, ನನ್ನ ಕಪಾಟಿನಲ್ಲಿ ಮೊದಲ ಸ್ಥಾನ ಅವುಗಳದೇ. ಸಿಡಿಯಾಗಿ ಬಾರದೇ ಉಳಿದ ಅಥವಾ ಡಿಜಿಟಲ್ ಪ್ರತಿ ಹಾಳಾಗಿರುವ ಮುದ್ರಿಕೆಗಳಿಗೆ ಎಲ್‌ಪಿಯೇ ಗತಿ, ಅಲ್ಲಿ ಟರ್ನ್‌ಟೇಬಲ್ಲಿಗೆ ಹಾಕಿದ ದುಡ್ಡು ಸಾರ್ಥಕ.

ಮನೆಮನೆಗಳಲ್ಲಿ ಬೈಠಕ್ಕುಗಳ, ರಾಮೋತ್ಸವದ ಕಛೇರಿಗಳ ಕ್ಯಾಸೆಟ್ಟುಗಳು ಇನ್ನೂ ಇವೆ, ಅವುಗಳಿಗೆ ಬೇರೆ ಯಾವ ಪ್ರತಿಯೂ ಇಲ್ಲ. ಅವನ್ನು ಡಿಜಿಟಲ್ಲಿಗೆ ತರುವವರಿಗೆ ಒಂದು ಕೋರಿಕೆ. ಮೊದಲು ಹೆಡ್ಡನ್ನು ಸ್ಪಿರಿಟ್ಟಿನಲ್ಲಿ ಒರೆಸಿ. ಆಮೇಲೆ ಹೆಡ್ಡಿನ ಪಕ್ಕದ ಸಣ್ಣ ತಿರುಪನ್ನು ತೆಳ್ಳನೆಯ ಸ್ಕ್ರೂಡ್ರೈವರಿನಲ್ಲಿ ಕಾಲು ಸುತ್ತಿಗಿಂತಲೂ ಕಡಿಮೆ ಆ ಕಡೆ ಈ ಕಡೆ ತಿರುಗಿಸುತ್ತ ಹೋಗಿ. ಮುದ್ರಿಸಿದ ಯಂತ್ರದ ಹೆಡ್ಡಿನ ಓರೆಗೆ ನಿಮ್ಮ ಹೆಡ್ಡಿನ ಓರೆ ಹೊಂದಿದ ಗಳಿಗೆಯಲ್ಲಿ ಮಂಕಾಗಿದ್ದ ತಂಬೂರಿ ಕಣ್ತೆರೆಯುತ್ತದೆ. ಪ್ರತಿ ಕ್ಯಾಸೆಟ್ಟಿಗೂ ಇದನ್ನು ಹೊಸದಾಗಿ ಮಾಡಬೇಕು. ಹಾರ್ಮೋನಿಯಂ ಪಕ್ಕದಲ್ಲಿಟ್ಟುಕೊಂಡು ಗಾಯಕರು ಯಾವ ಸ್ವರ ಹಿಡಿದು ಹಾಡುತ್ತಿದ್ದರೋ ಅದಕ್ಕೆ ವೇಗ ಹೊಂದಿಸಿ, 24 ಬಿಟ್ಟಿನಲ್ಲಿ ಮುದ್ರಿಸಿ. ಸುಯ್ಯೆನ್ನುವ ಸದ್ದು ಇರಲಿ ಬಿಡಿ. ತೆಗೆಯಲೇಬೇಕೆನಿಸಿದರೆ ಇನ್ನೊಂದು ಪ್ರತಿಯಲ್ಲಿ ತೆಗೆಯಿರಿ, ಮುಟ್ಟದ ಮೊದಲ ಪ್ರತಿಯನ್ನು ಎರಡು ಬೇರೆ ಬೇರೆ ಡಿಸ್ಕುಗಳಲ್ಲಿ ಉಳಿಸಿ, ಹಾಡಿದವರ ಹೆಸರು, ಊರು, ವರ್ಷ ಫೈಲಿನ ಮೇಲೆಯೇ ಬರೆದಿಡಿ.