ಬಾಸ್ ಅಂದ್ರೆ ಮೀನು, ಮ್ಯಾನೇಜರ್ ಅಲ್ಲ

ವೀಕೆಂಡ್ ಏನ್ ಮಾಡಿದ್ರಿ ಅಂತ ಆಫೀಸಲ್ಲಿ ಯಾರೋ ಕೇಳಿದರು. "ಬಾಸ್ ಹಿಡಿಯೋದು ನೋಡ್ತಾ ಕೂತಿದ್ದೆ" ಅಂದೆ. ಎರಡು ಸಾಲು ಆಚೆ ಇದ್ದವರೂ ಕುರ್ಚಿ ತಿರುಗಿಸಿದರು. ಮೀನು ಅಂತ ಗೊತ್ತಾದ ಮೇಲೆ ಮತ್ತೆ ಲ್ಯಾಪ್‌ಟಾಪ್ ಕಡೆ ಹೋದರು.

ನಾನು ನೋಡಿದ್ದು ಬಾಸ್‌ಮಾಸ್ಟರ್ ಕ್ಲಾಸಿಕ್. ಅಮೆರಿಕದ ಗಾಳದ ಪಂದ್ಯಗಳಲ್ಲಿ ಇದಕ್ಕೇ ಹೆಸರು ಜಾಸ್ತಿ. ಮೂರು ದಿನದ ಆಟ, ದಿನಕ್ಕೆ ಐದು ಮೀನಿನ ಒಟ್ಟು ತೂಕ. ಆರನೆಯದು ದೊಡ್ಡದು ಸಿಕ್ಕರೆ ಇದ್ದವುಗಳಲ್ಲಿ ಸಣ್ಣದನ್ನು ನೀರಿಗೆ ಬಿಡಬೇಕು. ಕೋಡ್ ಬರೆಯೋರಿಗೆ ಇದು ಐದು ಜಾಗದ ಒಂದು ಅರೇ, ಅಷ್ಟೇ. ಆದರೆ ಈ ಒಣ ನಿಯಮದಿಂದ ಎಂಥ ಉದ್ವೇಗ ಹುಟ್ಟಿಸ್ತಾರೆ! ಗಂಟೆಗಟ್ಟಲೆ ಏನೂ ಸಿಗದವನ ಬೆರಳುಗಳ ಮೇಲೇ ಕ್ಯಾಮೆರಾ ನಿಂತಿರುತ್ತೆ. ಕಾಯುವುದನ್ನೇ ತೋರಿಸುವ ಇಷ್ಟು ಧೈರ್ಯ ನಮ್ಮ ಯಾವ ಟಿವಿ ಕಾರ್ಯಕ್ರಮಕ್ಕೂ ಇಲ್ಲ.

ಶೋ ಹಾಳಾಗೋದು ಸಂಜೆ. ಒಳಾಂಗಣ ಸ್ಟೇಡಿಯಂ, ಬಣ್ಣದ ಲೈಟು, ದೊಡ್ಡ ಸಂಗೀತ. ದೋಣಿಯನ್ನು ಗಾಡಿಗೆ ಕಟ್ಟಿ ಮೆರವಣಿಗೆ. ಬೆಳಗಿನಿಂದ ನೀರು, ಗಾಳಿ, ಜೊಂಡಿನ ಬಗ್ಗೆ ಅಷ್ಟು ಚಂದ ಮಾತಾಡಿದವನು ವೇದಿಕೆ ಹತ್ತಿದ ಕೂಡಲೇ ಸ್ಪಾನ್ಸರ್‌ಗಳ ಪಟ್ಟಿ ಒಪ್ಪಿಸ್ತಾನೆ.

ಇದನ್ನೆಲ್ಲ ಶುರು ಮಾಡಿದ್ದು ಅಲಬಾಮಾದ ಇನ್ಶೂರೆನ್ಸ್ ಸೇಲ್ಸ್‌ಮನ್ ರೇ ಸ್ಕಾಟ್, 1967ರಲ್ಲಿ. 1971ರ ಮೊದಲ ಕ್ಲಾಸಿಕ್‌ಗೆ 24 ಜನರನ್ನು ವಿಮಾನ ಹತ್ತಿಸಿ, ಹೋಗ್ತಿರೋದು ನೆವಾಡಾದ ಲೇಕ್ ಮೀಡ್‌ಗೆ ಅಂತ ಆಕಾಶದಲ್ಲೇ ಹೇಳಿದನಂತೆ. ಪಕ್ಕಾ ಸೇಲ್ಸ್‌ಮನ್ ಬುದ್ಧಿ. ಆದರೂ ಹಿಡಿದ ಮೀನನ್ನು ಕೊಲ್ಲಬೇಡಿ ಅನ್ನೋ ಅಭಿಯಾನವನ್ನು 1972ರಲ್ಲಿ ಎಬ್ಬಿಸಿದ್ದೂ ಅವನೇ. ದೋಣಿಯಲ್ಲಿ ಗಾಳಿಯಾಡುವ ನೀರಿನ ತೊಟ್ಟಿ ಬಂತು, ಸತ್ತ ಮೀನಿಗೆ ತೂಕದಲ್ಲಿ ಕಡಿತ ಬಂತು. ಕರುಣೆಗಿಂತ ವ್ಯಾಪಾರದ ಲೆಕ್ಕ ಜಾಸ್ತಿ ಇರಬಹುದು. ಇರಲಿ, ಮೀನು ಬದುಕಿತಲ್ಲ.

ನಮ್ಮ ಮಾಂಜ್ರಾದಲ್ಲಿ, ಕಾರಂಜಾ ಹಿನ್ನೀರಿನಲ್ಲಿ ಬಾಸ್ ಇಲ್ಲ. ಅದರ ಬದಲಿಗೆ ಮುರ್ರೆಲ್ ಇದೆ. ಗಡಿ ದಾಟಿದರೆ ತೆಲುಗಿನಲ್ಲಿ ಕೊರ್ರಮೀನು, ಮರಾಠಿಯಲ್ಲಿ ಮರಳ. ಬಾಸ್ ಥರಾನೇ ಜೊಂಡಿನಲ್ಲಿ ಹೊಂಚು ಹಾಕಿ ಕಪ್ಪೆ ನುಂಗುವ ಮೀನು. ಹಾಗಾಗಿ ಬಾಸ್‌ಗೆಂದು ಮಾಡಿದ ಪೊಳ್ಳು ರಬ್ಬರ್ ಕಪ್ಪೆ ಇಲ್ಲಿ ಮುರ್ರೆಲ್‌ಗೆ ಬೀಳುತ್ತೆ. ಈಗ ಮುರ್ರೆಲ್ ವಿಡಿಯೋಗಳಿಗೆ ಲೆಕ್ಕವಿಲ್ಲ. ಟೋಪಿ, ಕಪ್ಪು ಕನ್ನಡಕ, ಮೀನು ಎತ್ತಿ ಹಿಡಿಯುವ ಭಂಗಿ, ಎಲ್ಲ ಅಮೆರಿಕದ್ದೇ. ನಿಯಮದ ಪುಸ್ತಕ ಮಾತ್ರ ಅಲ್ಲೇ ಉಳಿದಿದೆ.

ಬೈಯೋದಕ್ಕೆ ನನಗೆಷ್ಟು ಹಕ್ಕಿದೆ ಅನ್ನೋದನ್ನೂ ಹೇಳಿಬಿಡ್ತೀನಿ. ಎರಡು ವರ್ಷದ ಹಿಂದೆ ಮಿರಗದ ಮಳೆ ಆದ ಮೇಲೆ ಭಾಲ್ಕಿ ತಾಲ್ಲೂಕಿನ ನಮ್ಮೂರಿಗೆ ಹೋಗಿದ್ದೆ. ಆನ್‌ಲೈನ್‌ನಲ್ಲಿ ತರಿಸಿದ ಗಾಳದ ಕೋಲು ಜೊತೆಗಿತ್ತು. ದಂಡೆ ಹತ್ತಿರ ನೀರಿನ ಮೇಲೆ ಕೆಂಪಗೆ ಒಂದು ಗುಂಪು ಗುಳುಗುಳು ಅಂತಿತ್ತು. ವಿಡಿಯೋ ನೋಡಿ ಕಲಿತದ್ದು ನೆನಪಿತ್ತು: ಮರಿಗಳ ಗುಂಪು ಕಂಡರೆ ಅಲ್ಲೇ ಕಪ್ಪೆ ಎಸೆ. ಮೂರನೇ ಸಲಕ್ಕೆ ಹೊಡೀತು. ಎರಡು ಕಿಲೋ ಇದ್ದೀತು. ಬೆಳಕು ಚೆನ್ನಾಗಿರಲಿ ಅಂತ ಐವತ್ತು ಹೆಜ್ಜೆ ಆಚೆ ಒಯ್ದು ಫೋಟೋ ತೆಗೆದು, ಬಹಳ ದೊಡ್ಡ ಮನಸ್ಸಿನಿಂದ ನೀರಿಗೆ ಬಿಟ್ಟೆ.

ಬಲೆ ಬಿಡಿಸುತ್ತಾ ಕೂತಿದ್ದ ಬೆಸ್ತರ ಕಾಕಾ ಎಲ್ಲ ನೋಡಿದ್ದ. "ಏ ತಮ್ಮಾ, ಅದು ಹಸಿವಿಗಿ ಬಂದಿದ್ದಿಲ್ಲೋ. ಮರಿ ಕಾಯ್ಲಾಕತ್ತಿತ್ತು."

ತಿರುಗಿ ನೋಡಿದರೆ ಕೆಂಪು ಗುಂಪು ಇದ್ದಲ್ಲಿ ಬೇರೆ ಮೀನುಗಳು ನೀರು ಕಲಕುತ್ತಿದ್ದವು.

ಬಾಸ್ ಕಥೆಯೂ ಇದೇ. ಅಲ್ಲಿ ಗಂಡು ಮೀನು ಗೂಡು ಕಾಯುತ್ತೆ. ಅದನ್ನು ಎತ್ತಿದರೆ ಆಚೀಚೆ ಕಾದಿದ್ದ ಸಣ್ಣ ಮೀನುಗಳು ನುಗ್ಗಿ ಮೊಟ್ಟೆ, ಮರಿ ತಿಂದುಬಿಡ್ತವೆ, ಮತ್ತೆ ಬಿಟ್ಟರೂ ಅಷ್ಟರಲ್ಲಿ ಕೆಲಸ ಮುಗಿದಿರುತ್ತೆ. ಕೆನಡಾದ ಒಂಟಾರಿಯೊದ ಹಲವು ಕಡೆ ಆ ಕಾಲದಲ್ಲಿ ಬಾಸ್ ಹಿಡಿಯೋದಕ್ಕೆ ನಿಷೇಧ ಇದ್ದದ್ದು ಇದಕ್ಕೇ. ನಮ್ಮ ಕರಾವಳಿಯಲ್ಲೂ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯೋ ಹಾಗಿಲ್ಲ. ನಾವು ವಿಡಿಯೋ ಮಂದಿ ಮಾತ್ರ ಇದೇ ಸೀಸನ್ ಅಂತ ಕುಣೀತೀವಿ.

ಇನ್ನೊಂದು ಮಾತು. ನಮ್ಮ ಕೆರೆ, ಜಲಾಶಯಗಳಲ್ಲಿ ಮೀನಿನ ಹಕ್ಕನ್ನು ಮೀನುಗಾರಿಕೆ ಇಲಾಖೆ ಗುತ್ತಿಗೆಗೋ ಲೈಸೆನ್ಸ್ ಮೇಲೋ ಕೊಡುತ್ತೆ. ಆ ದಿನ ಲೈಸೆನ್ಸ್ ಇದ್ದದ್ದು ಕಾಕಾನ ಹತ್ತಿರ, ನನ್ನ ಹತ್ತಿರ ಅಲ್ಲ. ಔರಾದ ಕಡೆಯ ನಮ್ಮ ತಾಯಿಯ ತವರಲ್ಲಿ ಮಾಂಜ್ರಾ ಬೇಸಿಗೆಯಲ್ಲಿ ಮಡುಗಳಾಗಿ ಒಡೆದುಹೋಗುತ್ತೆ. 2016ರಲ್ಲಿ ಇದೇ ನದಿಯ ಮೇಲ್ಭಾಗದ ಲಾತೂರಿಗೆ ರೈಲಿನಲ್ಲಿ ನೀರು ತಂದರು. ಇಂಥ ನೀರಿನಲ್ಲಿ ಒಂದು ಮುರ್ರೆಲ್ ಸಂಸಾರ ಬೆಳೆಯೋದು ಸಣ್ಣ ಸಂಗತಿಯಲ್ಲ. ಬೀದರಿನಲ್ಲಿ ನಾಲ್ಕು ವರ್ಷ ಬಿ.ಇ. ಓದಿದವನಿಗೆ ಇದು ತಿಳಿದಿರಲಿಲ್ಲ.

ಕಾಪಿ ಹೊಡೆಯಲೇಬೇಕು ಅಂದ್ರೆ 2019ರಲ್ಲಿ ಶುರುವಾದ ಬಾಸ್ ಪ್ರೊ ಟೂರ್ ನೋಡಿ. ದೋಣಿಯಲ್ಲೇ ತೂಗಿ, ಅಲ್ಲೇ ಆಗಲೇ ಬಿಡ್ತಾರೆ. ಮೆರವಣಿಗೆ ಇಲ್ಲ. ನೋಡೋಕೆ ಸ್ವಲ್ಪ ಸಪ್ಪೆ, ನಿಜ.

ಈ ದೀಪಾವಳಿಗೆ ಊರಿಗೆ ಹೋದಾಗ ಕಾಕಾನಿಗೆ ಮೊಬೈಲಿನಲ್ಲಿ ಕ್ಲಾಸಿಕ್ ತೋರಿಸಿದೆ.

"ಗೆದ್ದವಂಗ ಏನ್ ಕೊಡ್ತಾರ?"

"ಮೂರು ಲಕ್ಷ ಡಾಲರ್, ಕಾಕಾ."

"ಮೀನಾ?"

"ಬಿಟ್ಟುಬಿಡ್ತಾರ."

"ಎಲ್ಲಿ ಹಿಡದಾರೋ ಅಲ್ಲೇನು?"

"ಇಲ್ಲ. ತೂಗಿದ ಮೇಲೆ ಬೇರೆ ಕಡೆ."

ಕಾಕಾ ಮೊಬೈಲ್ ನನ್ನ ಕೈಗಿಟ್ಟು ಬಲೆ ಎತ್ತಿಕೊಂಡ.