ಏಳು ವರ್ಷ ಎಂದರೆ ಯಾವತ್ತಿನಿಂದ?

ನಿಮ್ಮ ಮೊಬೈಲ್ ಫೋನಿನ ಸೆಟಿಂಗ್ಸ್ ತೆರೆದು, ಅದಕ್ಕೆ ಕೊನೆಯ ಭದ್ರತಾ ಅಪ್‌ಡೇಟ್ ಯಾವ ತಿಂಗಳಿನದು ಎಂದು ಒಮ್ಮೆ ನೋಡಿ. ಒಂದು ವರ್ಷಕ್ಕಿಂತ ಹಳೆಯದಾಗಿದ್ದರೆ ಈ ಲೇಖನ ನಿಮಗೂ ಸಂಬಂಧಿಸಿದ್ದು. 2021ರ ದೀಪಾವಳಿಯಲ್ಲಿ ನಾನು ರಿಯಾಯಿತಿ ದರಕ್ಕೆ ಒಂದು ಫೋನು ಕೊಂಡೆ. ಪೆಟ್ಟಿಗೆ ಹೊಸದು, ಬಿಲ್ಲು ಹೊಸದು. ಮಾದರಿ ಮಾತ್ರ 2019ರದು. ಮೂರು ವರ್ಷ ಅಪ್‌ಡೇಟ್ ಕೊಡುತ್ತೇವೆಂದಿದ್ದ ಕಂಪನಿ ಮಾತಿಗೆ ತಪ್ಪಲಿಲ್ಲ, 2022ರಲ್ಲಿ ನಿಲ್ಲಿಸಿತು. ನನ್ನ ಪಾಲಿಗೆ ಬಂದದ್ದು ಒಂದೇ ವರ್ಷ!

ಈಚೆಗೆ ಈ ಅವಧಿ ಬೆಳೆದಿದೆ. 2023ರ ಅಕ್ಟೋಬರಿನಲ್ಲಿ ಗೂಗಲ್ ತನ್ನ ಪಿಕ್ಸೆಲ್ 8ಕ್ಕೂ, 2024ರ ಜನವರಿಯಲ್ಲಿ ಸ್ಯಾಮ್‌ಸಂಗ್ ತನ್ನ ಗ್ಯಾಲಕ್ಸಿ ಎಸ್24ಕ್ಕೂ ಏಳು ವರ್ಷದ ಭರವಸೆ ಕೊಟ್ಟವು. ಸಂತೋಷ. ಆದರೆ ಗೂಗಲ್ ಈ ಏಳು ವರ್ಷವನ್ನು ಎಣಿಸುವುದು ಅಮೆರಿಕದ ತನ್ನ ಅಂಗಡಿಯಲ್ಲಿ ಆ ಮಾದರಿ ಮೊದಲು ಮಾರಾಟಕ್ಕೆ ಬಂದ ದಿನದಿಂದ. ಅದೇ ಫೋನನ್ನು ಮೂರು ವರ್ಷ ಕಾದು, ಬೆಲೆ ಇಳಿದ ಮೇಲೆ ದಾವಣಗೆರೆಯಲ್ಲಿ ಕೊಂಡವರಿಗೆ ಉಳಿಯುವುದು ನಾಲ್ಕು ವರ್ಷ. ಕಾದು ಕೊಳ್ಳುವವರು ಯಾರು ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಅನೇಕ ಅಗ್ಗದ ಮಾದರಿಗಳಿಗಂತೂ ಭರವಸೆಯೇ ಇದಕ್ಕಿಂತ ಬಹಳ ಗಿಡ್ಡ.

ಅಪ್‌ಡೇಟ್ ಎಂಬ ಒಂದೇ ಹೆಸರಿನಡಿ ಎರಡು ಬೇರೆ ಕೆಲಸಗಳು ಸೇರಿಕೊಂಡಿವೆ. ಒಂದು, ಹೊಸ ಆವೃತ್ತಿ: ಹೊಸ ಚಿತ್ರ, ಹೊಸ ಸೌಕರ್ಯ. ಅದು ಬಾರದಿದ್ದರೆ ನಷ್ಟವೇನಿಲ್ಲ. ಇನ್ನೊಂದು, ತಂತ್ರಾಂಶದ ತೂತುಗಳಿಗೆ ತೇಪೆ ಹಾಕುವುದು. 2015ರ ಜುಲೈನಲ್ಲಿ ಆಂಡ್ರಾಯ್ಡ್‌ನ ‘ಸ್ಟೇಜ್‌ಫ್ರೈಟ್’ ಎಂಬ ಭಾಗದಲ್ಲಿ, ಅಂದರೆ ವಿಡಿಯೋ ನಿರ್ವಹಿಸುವ ತಂತ್ರಾಂಶದಲ್ಲಿ, ದೋಷಗಳು ಬಯಲಾದವು. ಕಿಡಿಗೇಡಿಯೊಬ್ಬ ನಿಮ್ಮ ನಂಬರಿಗೆ ಒಂದು ವಿಡಿಯೋ ಸಂದೇಶ ಕಳಿಸಿದರೆ, ನೀವು ಅದನ್ನು ತೆರೆಯದಿದ್ದರೂ ಅವನ ಪ್ರೋಗ್ರಾಮು ನಿಮ್ಮ ಫೋನಿನಲ್ಲಿ ಓಡಬಹುದಿತ್ತು. ಗೂಗಲ್ ಪ್ರತಿ ತಿಂಗಳೂ ಭದ್ರತಾ ಪ್ರಕಟಣೆ ಹೊರಡಿಸತೊಡಗಿದ್ದು ಅದರ ಮರುತಿಂಗಳಿನಿಂದ. ಇಲ್ಲೊಂದು ವಿಪರ್ಯಾಸವಿದೆ. ಹೊಸ ಫೋನಿಗೆ ತೇಪೆ ಬಂದ ದಿನವೇ, ತೇಪೆ ಸಿಗದ ಹಳೆಯ ಫೋನಿನಲ್ಲಿ ತೂತು ಎಲ್ಲಿದೆಯೆಂದು ಊರಿಗೆಲ್ಲ ತಿಳಿಯುತ್ತದೆ. ನಾವು ತಾಯಿಗೋ ಮನೆಗೆಲಸದವರ ಮಗಳಿಗೋ ದಾಟಿಸುವುದು ಆ ಫೋನನ್ನೇ. ಅದರಲ್ಲೇ ಯುಪಿಐ, ಅದರಲ್ಲೇ ಬ್ಯಾಂಕು.

‘ಹಳೆಯ ಯಂತ್ರಾಂಶ ತಾಳಿಕೊಳ್ಳದು, ಚಿಪ್ ತಯಾರಕರೇ ಬೆಂಬಲ ನಿಲ್ಲಿಸಿದರೆ ನಾವೇನು ಮಾಡೋಣ’ ಎಂದು ಕಂಪನಿಗಳು ಹೇಳುತ್ತವೆ. ಇದರಲ್ಲಿ ಸ್ವಲ್ಪ ನಿಜವಿದೆ. ಆದರೆ 2015ರ ಕೊನೆಗೆ ಬಂದ ನೆದರ್ಲೆಂಡ್ಸ್‌ನ ಫೇರ್‌ಫೋನ್ 2ಕ್ಕೆ ಚಿಪ್ ತಯಾರಕರ ಬೆಂಬಲ ಆಂಡ್ರಾಯ್ಡ್ 6ಕ್ಕೇ ಮುಗಿದಿದ್ದರೂ, ಆ ಪುಟ್ಟ ಸಂಸ್ಥೆ ಅದನ್ನು ಆಂಡ್ರಾಯ್ಡ್ 10ರವರೆಗೆ ಎಳೆದು 2023ರ ಮಾರ್ಚ್‌ವರೆಗೆ ಕಾಪಾಡಿತು. 2013ರ ಐಫೋನ್ 5ಎಸ್‌ಗೆ 2018ರ ನಂತರ ಹೊಸ ಆವೃತ್ತಿ ಬರಲಿಲ್ಲ. ಭದ್ರತಾ ತೇಪೆ 2023ರ ಜನವರಿಯಲ್ಲೂ ಬಂತು. ಎರಡು ಕೆಲಸಗಳನ್ನು ಬೇರ್ಪಡಿಸಬಹುದು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಹಾಗಾದರೆ ಫೋನಿನಲ್ಲಿ ನಿಜವಾಗಿ ಮುಪ್ಪಾಗುವುದು ಯಾವುದು? ಐದಾರು ವರ್ಷದಲ್ಲಿ ಟ್ರಾನ್ಸಿಸ್ಟರುಗಳು ಗಮನಕ್ಕೆ ಬರುವಷ್ಟು ಸೊರಗುವುದಿಲ್ಲ. ಸೊರಗುವುದು ಲಿಥಿಯಂ ಅಯಾನು ಬ್ಯಾಟರಿ. ಅದರ ಧಾರಣ ಸಾಮರ್ಥ್ಯ ಇಳಿಯುವುದರ ಜೊತೆಗೆ ಆಂತರಿಕ ರೋಧ ಏರುತ್ತದೆ. ಕಾಲೇಜಿನ ಲೆಕ್ಕವನ್ನೇ ಮಾಡೋಣ. ವಿದ್ಯುಚ್ಚಾಲಕ ಬಲ 3.6 ವೋಲ್ಟ್, ಆಂತರಿಕ ರೋಧ 0.1 ಓಮ್ ಇರಲಿ. ಫೋನು ಗಳಿಗೆಯೊಂದರಲ್ಲಿ 2 ಆಂಪೇರ್ ಸೆಳೆದರೆ 0.2 ವೋಲ್ಟ್ ಒಳಗೇ ಕಳೆದು 3.4 ವೋಲ್ಟ್ ಸಿಗುತ್ತದೆ. ರೋಧ 0.3 ಓಮ್‌ಗೆ ಏರಿದಾಗ ಸಿಗುವುದು ಬರೀ 3.0. ಫೋನಿಗೆ ಕನಿಷ್ಠ 3.2 ಬೇಕೆಂದಾದರೆ ಅದು ತಟ್ಟನೆ ಆರಿಹೋಗುತ್ತದೆ. ಇದನ್ನು ತಪ್ಪಿಸಲು ಆಪಲ್ 2017ರಲ್ಲಿ ಅಪ್‌ಡೇಟ್ ಮೂಲಕ ಹಳೆಯ ಐಫೋನುಗಳ ವೇಗವನ್ನೇ ಕಡಿಮೆ ಮಾಡಿತು. ಭೌತವಿಜ್ಞಾನದ ದೃಷ್ಟಿಯಿಂದ ಉಪಾಯ ಸರಿಯೇ. ಬಳಕೆದಾರರಿಗೆ ಸರಿಯಾಗಿ ತಿಳಿಸದೆ ಮಾಡಿದ್ದು ಸರಿಯಲ್ಲ. 2018ರಲ್ಲಿ ಇಟಲಿಯ ಸ್ಪರ್ಧಾ ಪ್ರಾಧಿಕಾರ ಆಪಲ್‌ಗೆ 1 ಕೋಟಿ ಯೂರೋ ದಂಡ ಹಾಕಿತು. ಬ್ಯಾಟರಿ ಬದಲಿಸಿದರೆ ಮುಗಿಯುವ ತೊಂದರೆಗೆ ಜನ ಹೊಸ ಫೋನು ಕೊಂಡಿದ್ದರು.

ಐರೋಪ್ಯ ಒಕ್ಕೂಟದಲ್ಲಿ 2025ರ ಜೂನ್ 20ರಿಂದ ಜಾರಿಗೆ ಬಂದ ನಿಯಮ ಎಣಿಕೆಯನ್ನು ಸರಿಯಾದ ತುದಿಯಿಂದ ಹಿಡಿದಿದೆ: ಆ ಮಾದರಿ ಮಾರುಕಟ್ಟೆಗೆ ಬರುವುದು ನಿಂತ ದಿನದಿಂದ ಐದು ವರ್ಷ. ಆದರೆ ‘ಅಪ್‌ಡೇಟ್ ಒದಗಿಸುವುದಾದರೆ’ ಎಂಬ ಮಾತೊಂದು ನಿಯಮದಲ್ಲೇ ನುಸುಳಿಕೊಂಡಿದೆ. ಬಾಗಿಲು ಹಾಕಿ ಕಿಟಕಿ ತೆರೆದಿಟ್ಟಂತೆ. ಬ್ರಿಟನ್ 2024ರ ಏಪ್ರಿಲ್‌ನಿಂದ ಅವಧಿಯನ್ನು ಪ್ರಕಟಿಸುವುದಷ್ಟನ್ನು ಕಡ್ಡಾಯ ಮಾಡಿದೆ, ಎಷ್ಟು ವರ್ಷ ಎನ್ನುವುದನ್ನಲ್ಲ.

ಭದ್ರತಾ ತೇಪೆಯ ಮಟ್ಟಿಗೆ ನನ್ನ ಅಭಿಪ್ರಾಯವೂ ಕೊನೆಯ ಮಾರಾಟದಿಂದ ಐದು ವರ್ಷ, ಆ ‘ಆದರೆ’ ಇಲ್ಲದೆ. ನಮ್ಮಲ್ಲಿ ಪೆಟ್ಟಿಗೆಯ ಮೇಲೆ ಗರಿಷ್ಠ ಮಾರಾಟ ಬೆಲೆ, ತಯಾರಾದ ತಿಂಗಳು ಅಚ್ಚಾಗಿರುತ್ತವೆ. ಪಕ್ಕದಲ್ಲಿ ‘ಭದ್ರತಾ ಅಪ್‌ಡೇಟ್ ಇಂಥ ತಿಂಗಳವರೆಗೆ’ ಎಂದು ಇನ್ನೊಂದು ಸಾಲು ಸೇರಿಸಲು ಎಷ್ಟು ಮಸಿ ಬೇಕು? ಔಷಧದ ಪಟ್ಟಿಯ ಮೇಲೆ ದಿನಾಂಕ ನೋಡುವ ರೂಢಿ ನಮಗೆ ಇದ್ದೇ ಇದೆ.

ನನ್ನ ಆ ಫೋನು ಈಗಲೂ ಚೆನ್ನಾಗಿಯೇ ಇದೆ, ಬ್ಯಾಟರಿ ಬದಲಿಸಿದ್ದೇನೆ. ಸಿಮ್ ತೆಗೆದಿಟ್ಟು, ಅದರೊಳಗಿನ ವೇಗೋತ್ಕರ್ಷಮಾಪಕದಿಂದ ಪ್ರಯೋಗಾಲಯದಲ್ಲಿ ವಿದ್ಯಾರ್ಥಿಗಳು ಲೋಲಕದ ಆವರ್ತಕಾಲ ಅಳೆಯುತ್ತಾರೆ.